ಮೂಕಾಟ

ಹೆಣದ ಮಂಚದ ಕೆಳಗೆ ತೂರಿಕೊಂಡಿದ್ದ ಮಗುವನ್ನು ಕಾಲು ಹಿಡಿದು ಹೊರಗೆಳೆಯುವಷ್ಟರಲ್ಲಿ ಇನ್ನೊಂದು ಮಗು ಬಾಗಿಲ ಬಳಿ ಕೂತು ಬಂದವರ ಚಪ್ಪಲಿಗಳನ್ನೆಲ್ಲ ಜೋಡಿ ತಪ್ಪಿಸುತ್ತಿತ್ತು. ಚಿಕ್ಕಮ್ಮ ಒಂದನ್ನು ಸೊಂಟಕ್ಕೇರಿಸಿದಳು, ಇನ್ನೊಂದರ ರಟ್ಟೆ ಹಿಡಿದಳು, ಎರಡನ್ನೂ ಒಳಕೋಣೆಗೆ ದಬ್ಬಿ ಮತ್ತೆ ಎಣಿಸಿದಳು. ಎಂಟು. ಎದೆ ಧಸಕ್ಕೆಂದಿತು. ಬಾಗಿಲ ಹಿಂದೆ ಮೂಗು ಸುರಿಸುತ್ತ ನಿಂತಿದ್ದ ಒಂಬತ್ತನೆಯದು ಕಣ್ಣಿಗೆ ಬಿದ್ದ ಮೇಲೆ ಉಸಿರು ಬಂತು.

ಬೆಳಗಿನಿಂದ ಇದು ಎಷ್ಟನೆಯ ಎಣಿಕೆಯೋ ಅವಳಿಗೇ ಗೊತ್ತಿಲ್ಲ. ನಡುಮನೆಯಲ್ಲಿ ಬಿಳಿ ಹೊದಿಕೆ ಹೊದ್ದು ಮಲಗಿದ್ದ ದೊಡ್ಡಮ್ಮ ನಿನ್ನೆಯವರೆಗೆ ಈ ಎಣಿಕೆಯನ್ನು ಒಂದು ನೋಟದಲ್ಲಿ ಮುಗಿಸುತ್ತಿದ್ದಳು. ಹೊಲಿಗೆ ಕಾರ್ಖಾನೆಯ ಶಿಶುಗೃಹದಲ್ಲಿ ಅವಳು ಇಪ್ಪತ್ತೆಂಟು ವರ್ಷದಿಂದ ಆಯಾ. ಅವಳು ದೊಡ್ಡಮ್ಮ ಆದದ್ದರಿಂದ, ಎಂಟು ತಿಂಗಳ ಹಿಂದೆ ಸಹಾಯಕ್ಕೆಂದು ಸೇರಿದ ಈ ಇಪ್ಪತ್ಮೂರರ ಹುಡುಗಿ ಮಕ್ಕಳ ಬಾಯಲ್ಲಿ ತಾನಾಗಿ ಚಿಕ್ಕಮ್ಮ ಆದಳು. ಮದುವೆಗೆ ಮುಂಚೆಯೇ ಒಂಬತ್ತು ಮಕ್ಕಳ ಚಿಕ್ಕಮ್ಮ ಎಂದು ಮನೆಯಲ್ಲಿ ತಂಗಿ ನಗುತ್ತಿದ್ದಳು.

ದೊಡ್ಡಮ್ಮ ಸತ್ತ ಸುದ್ದಿ ಮುಟ್ಟಿದ ಕೂಡಲೇ ಕಾರ್ಖಾನೆಯ ಕಚೇರಿಯವರು ಗೌರವಾರ್ಥ ಒಂದು ದಿನ ರಜೆ ಘೋಷಿಸಿದ್ದರು. ರಜೆ ಶಿಶುಗೃಹಕ್ಕೆ ಮಾತ್ರ, ಹೊಲಿಗೆ ಯಂತ್ರಗಳಿಗಲ್ಲ. ಈ ಜಾಣತನ ಯಾವ ತಲೆಯಲ್ಲಿ ಮೊಳೆಯಿತೋ, ಅದನ್ನು ಹಾಲೆರೆದು ಬೆಳೆಸಬೇಕು. ತಾಯಂದಿರು ಏನು ಮಾಡಬೇಕು? ಬೆಳಿಗ್ಗೆ ಮಕ್ಕಳನ್ನು ಎತ್ತಿಕೊಂಡು ನೇರ ಸಾವಿನ ಮನೆಗೇ ಬಂದರು. ಮಂಚದ ಮುಂದೆ ನಿಂತು ಅತ್ತರು, ಮಗುವನ್ನು ಚಿಕ್ಕಮ್ಮನ ಕೈಗೆ ಕೊಟ್ಟರು, ಗಂಟೆ ಹೊಡೆಯುವ ಮುಂಚೆ ಓಡಿದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬರುತ್ತೇವೆ, ಅಲ್ಲಿಯವರೆಗೆ ಹೆಣ ಎತ್ತಬೇಡಿ ಎಂದು ಹೇಳಿ ಹೋಗಿದ್ದರು.

"ನಿನ್ನೆ ಸಂಜೆ ನನ್ನ ಹತ್ರ ನಗ್ತಾ ಮಾತಾಡಿದ್ರು," ಎದುರುಮನೆಯ ಇಸ್ತ್ರಿ ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದ. "ಈ ಸೆಕೆ ಸಾಲ್ದು ಅಂತ ನಿನ್ನ ಇಸ್ತ್ರಿ ಪೆಟ್ಟಿಗೆ ಬೇರೆನಾ ಅಂದ್ರು. ಬೆಳಿಗ್ಗೆ ನೋಡಿದ್ರೆ ಎದ್ದೇ ಇಲ್ಲ."

"ಬಾಯಿ ಬಿಗಿ ಅಂದ್ರೆ ಅವರದು," ಪಕ್ಕದ ಮನೆಯ ಅಜ್ಜಿ ಎಂದಳು. "ಅವರ ಕಿವಿಗೆ ಹಾಕಿದ ಮಾತು ಬಾವಿಗೆ ಹಾಕಿದ ಕಲ್ಲು. ನಮ್ಮನೆ ರಾಮಾಯಣ ಪೂರ್ತಿ ಹೇಳಿದ್ದೀನಿ, ಒಂದಕ್ಷರ ಆಚೆ ಬಂದಿಲ್ಲ."

"ನಮ್ಮಮ್ಮ ನನ್ನ ಹತ್ರಾನೂ ಏನೂ ಹೇಳ್ತಿರ್ಲಿಲ್ಲ," ದೊಡ್ಡಮ್ಮನ ಮಗ ಗೋಡೆಗೆ ಒರಗಿ ಹೇಳಿದ. ಬಣ್ಣ ಬಳಿಯುವ ಕೆಲಸದವನು, ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತು. "ನಾನೊಬ್ಬ ಇದ್ದೀನಿ ಅನ್ನೋದೇ ಮರೆತುಬಿಡೋರು. ಯಾರ್ಯಾರ್ದೋ ಮಕ್ಕಳನ್ನ ಎಣಿಸೋದೇ ಆಯ್ತು ಜೀವಮಾನವೆಲ್ಲ."

ಒಳಗೆ ಒಂದು ಮಗು ಇನ್ನೊಂದನ್ನು ಕಚ್ಚಿತು. ಚಿಕ್ಕಮ್ಮ ಓಡಿದಳು.

*

ಶಿಶುಗೃಹವೆಂದರೆ ಕಾರ್ಖಾನೆಯ ಹಿಂಬದಿಯಲ್ಲಿ, ಬಟ್ಟೆ ಚೂರಿನ ಮೂಟೆ ಒಟ್ಟುವ ಉಗ್ರಾಣಕ್ಕೆ ಅಂಟಿಕೊಂಡ ಒಂದು ಉದ್ದನೆಯ ಕೋಣೆ. ತಪಾಸಣೆಯವರು ಬರುವ ದಿನ ಮಾತ್ರ ಪ್ಲಾಸ್ಟಿಕ್ ಕಳಚಿಸಿಕೊಳ್ಳುವ ಒಂದು ಮರದ ಕುದುರೆ ಇತ್ತು. ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಏನೋ ಬರೆದಿತ್ತು. ಓದು ಬಾರದ ದೊಡ್ಡಮ್ಮ ಅದೇನೆಂದು ಚಿಕ್ಕಮ್ಮನನ್ನು ಮೊದಲ ದಿನವೇ ಕೇಳಿದ್ದಳು.

"ಪ್ರತಿಯೊಂದು ಮಗುವಿಗೂ ಸುರಕ್ಷಿತವಾಗಿರುವ ಹಕ್ಕಿದೆ."

"ಗೋಡೆಗೆ ಹೇಳಿದ್ದಾರೆ, ಒಳ್ಳೇದಾಯ್ತು," ದೊಡ್ಡಮ್ಮ ಹೇಳಿದ್ದಳು. "ಬಾಗಿಲಿಗೆ ಯಾರು ಹೇಳೋರು?"

ಅಲ್ಲಿ ಯಾರಿಗೂ ಹೆಸರಿನ ಹಂಗಿರಲಿಲ್ಲ. ಕಾಲರ್ ಹೊಲಿಯುವವಳು ಕಾಲರಕ್ಕ, ಜೇಬು ಹೊಲಿಯುವವಳು ಜೇಬಕ್ಕ, ಗುಂಡಿ ಹಾಕುವವಳು ಗುಂಡಿಯಕ್ಕ. ಅವರವರ ಮಕ್ಕಳು ಕಾಲರ್, ಜೇಬು, ಗುಂಡಿ. ಗುಂಡಿ ನಾಲ್ಕು ವರ್ಷದ ಹುಡುಗಿ. ಎಡ ಮೊಣಕೈ ಪೂರ್ತಿ ನೀಳವಾಗುತ್ತಿರಲಿಲ್ಲ, ಹುಟ್ಟಿನಿಂದಲೇ ಹಾಗೆ ಇರಬೇಕೆಂದು ಚಿಕ್ಕಮ್ಮ ಅಂದುಕೊಂಡಿದ್ದಳು.

ದಿನವೂ ಮಕ್ಕಳ ಗಲಾಟೆ ಮುಗಿಲು ಮುಟ್ಟುತ್ತಿತ್ತು. ಆದರೆ ತಿಂಗಳಿಗೆ ಎರಡು ಮೂರು ಸಲ ದೊಡ್ಡಮ್ಮ ಇದ್ದಕ್ಕಿದ್ದಂತೆ ಕಿಟಕಿಯಿಂದ ಈಚೆ ತಿರುಗಿ, "ಮಕ್ಕಳೇ, ಮೂಕಾಟ!" ಎನ್ನುತ್ತಿದ್ದಳು. ಅಷ್ಟೇ ಸಾಕು. ಒಂಬತ್ತೂ ಸಾಲಾಗಿ ಮಲಗಿ, ಕಣ್ಣು ಮುಚ್ಚಿ, ಕೈಕಾಲು ಸಡಿಲ ಬಿಟ್ಟು ಹೆಣದಂತೆ ಬಿದ್ದುಕೊಳ್ಳುತ್ತಿದ್ದವು. ಯಾರು ಎತ್ತಿದರೂ ಕಣ್ಣು ಬಿಡಬಾರದು, ಯಾರು ಕರೆದರೂ ಓಗೊಡಬಾರದು. ಗೆದ್ದವರಿಗೆ ಒಂದು ಚಿಟಿಕೆ ಸಕ್ಕರೆ. ದೊಡ್ಡಮ್ಮ ಚಿಲಕ ಹಾಕಿಕೊಂಡು ಹೊರಗೆ ಹೋಗಿ ಯಾರೊಂದಿಗೋ ಮಾತಾಡಿ, ಕಾಲು ಗಂಟೆ ಬಿಟ್ಟು ಬರುತ್ತಿದ್ದಳು.

ಮುದುಕಿಗೆ ತಲೆ ಸಿಡಿಯುತ್ತಿರಬೇಕು, ಸ್ವಲ್ಪ ಹೊತ್ತು ಸದ್ದಡಗಲಿ ಅಂತ ಕಂಡುಕೊಂಡ ಉಪಾಯ ಎಂದು ಚಿಕ್ಕಮ್ಮ ತಿಳಿದಿದ್ದಳು. ಅವಳಿಗೂ ಆ ಕಾಲು ಗಂಟೆ ಹಿತವಾಗಿತ್ತು. ಯಾಕೆ, ಏನು ಎಂದು ಕೇಳುವ ಗೋಜಿಗೆ ಹೋಗಿರಲಿಲ್ಲ.

*

ಹನ್ನೆರಡರ ಸುಮಾರಿಗೆ ಒಬ್ಬ ಮನುಷ್ಯ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಿಳಿ ಹೂವು. ಬೂಟು ಬಿಚ್ಚಿ, ಮಗು ಜೋಡಿ ತಪ್ಪಿಸಿಟ್ಟಿದ್ದ ಚಪ್ಪಲಿಗಳನ್ನೆಲ್ಲ ತಾನೇ ಬಗ್ಗಿ ಜೋಡಿಸಿಟ್ಟ. ಮಂಚದ ಪಕ್ಕ ಮಂಡಿಯೂರಿ ಹೂವಿಟ್ಟು ಬಿಕ್ಕಿದ. ನೋಡಿದವರ ಕಣ್ಣೂ ಒದ್ದೆಯಾದವು.

ಒಳಕೋಣೆಯಲ್ಲಿ ಅಷ್ಟು ಹೊತ್ತಿನಿಂದ ಕೋತಿಗೆ ಹೆಂಡ ಕುಡಿಸಿದ ಹಾಗೆ ಕುಣಿಯುತ್ತಿದ್ದ ಮಕ್ಕಳು ಗಪ್ಪೆಂದು ಸುಮ್ಮನಾದವು. ಬಾಗಿಲ ಸಂದಿಯಲ್ಲಿ ಇಣುಕಿದ ಕಾಲರ್ ಹಿಂದೆ ಸರಿದು ಏನೋ ಪಿಸುಗುಟ್ಟಿದ್ದನ್ನು ಚಿಕ್ಕಮ್ಮ ನೋಡಿದಳು. ನೋಡಿದರೆ ಎಲ್ಲವೂ ಸಾಲಾಗಿ ಮಲಗಿ ಕಣ್ಣು ಮುಚ್ಚಿವೆ. ಸದ್ಯ, ದಣಿದು ಮಲಗಿದವಲ್ಲ ಎಂದು ಅವಳು ಸೆರಗಿನಿಂದ ಬೆವರು ಒರೆಸಿಕೊಂಡಳು.

"ನಾನು ಗುಂಡಿಯ ಅಪ್ಪ," ಆ ಮನುಷ್ಯ ಅವಳ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಮಗೂನ ಮನೆಗೆ ಕರ್ಕೊಂಡು ಹೋಗ್ತೀನಮ್ಮ. ಹೆಣ ನೋಡಿ ಬೆದರಿಕೊಂಡ್ರೆ ಕಷ್ಟ. ನಿಮಗೂ ಒಂದು ಕಡಿಮೆಯಾಗುತ್ತೆ."

ಅವಳು ಅವನನ್ನು ನೋಡಿದ್ದೇ ಇಲ್ಲ. ಸಂಜೆ ಹೊತ್ತು ಗುಂಡಿಯನ್ನು ಕರೆದೊಯ್ಯಲು ಬರುವುದು ಯಾವಾಗಲೂ ತಾಯಿಯೇ.

"ಅಕ್ಕ ಹನ್ನೆರಡೂವರೆಗೆ ಬರ್ತಾರಲ್ಲ. ಅವರನ್ನ ಒಂದು ಮಾತು ಕೇಳಿ..."

"ಕೇಳಬಹುದು. ಪಾಪ, ಅವಳೂ ಅಳ್ತಾ ಇರ್ತಾಳೆ, ಈಗ ಯಾಕೆ ತೊಂದರೆ?"

ಕಾರ್ಖಾನೆಯ ಪರವಾಗಿ ಹಾಜರಾಗಲು ಬಂದಿದ್ದ ಹಾಜರಿ ಗುಮಾಸ್ತ ಕುರ್ಚಿಯಿಂದಲೇ ಕತ್ತು ಹೊರಳಿಸಿದ. "ಏನಮ್ಮ ಸಮಸ್ಯೆ? ಶಿಶುಗೃಹದ ಪುಸ್ತಕದಲ್ಲಿ ಇವರ ಹೆಸರಿದೆ, ಸಹಿ ಇದೆ. ನಾನೇ ಬರೆಸಿಕೊಂಡಿದ್ದು. ಹೆತ್ತ ಅಪ್ಪನಿಗೆ ಮಗು ಕೊಡೋಕೆ ಪಂಚಾಯ್ತಿ ಯಾಕೆ?"

"ಕೊಟ್ಟು ಕಳಿಸಮ್ಮ," ದೊಡ್ಡಮ್ಮನ ಮಗನೂ ಸೇರಿಸಿದ. "ಇನ್ನೇನು ಎತ್ತೋ ಹೊತ್ತು. ಕಾಲಿಗೆ ಕೈಗೆ ಮಕ್ಕಳು ಸಿಗ್ತಾವೆ."

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನಿಸಿ ಚಿಕ್ಕಮ್ಮನ ಕಿವಿ ಬಿಸಿಯಾಯಿತು. ಒಳಗೆ ಹೋಗಿ ಸಾಲಿನ ನಡುವೆ ಮಲಗಿದ್ದ ಗುಂಡಿಯನ್ನು ಎತ್ತಿಕೊಂಡಳು. ಮಗು ಕಣ್ಣು ಬಿಡಲಿಲ್ಲ, ಕೈಕಾಲು ಜೋತುಬಿದ್ದಿದ್ದವು. ಪಾಪ, ಗಾಢ ನಿದ್ದೆ. ತಂದು ಅವನ ಹೆಗಲ ಮೇಲೆ ತಾನೇ ಮಲಗಿಸಿದಳು, ತಲೆಯನ್ನು ಹೊಂದಿಸಿಟ್ಟಳು. ಅವನು ತಲೆ ಬಾಗಿಸಿ ಎಲ್ಲರಿಗೂ ಕೈ ಮುಗಿದು ಹೊರಟ.

ಹತ್ತು ನಿಮಿಷವಾಗಿರಬಹುದು. ನೀರಿನ ಚೊಂಬು ಹಿಡಿದು ಒಳಕೋಣೆಗೆ ಬಂದವಳಿಗೆ ಕಾಲರಳ ದನಿ ಕೇಳಿಸಿತು. ಕಣ್ಣು ಮುಚ್ಚಿಕೊಂಡೇ, ತುಟಿ ಮಾತ್ರ ಅಲುಗಿಸಿ ಐದು ವರ್ಷದ ಆ ಮಗು ಕೇಳಿತು.

"ಚಿಕ್ಕಮ್ಮ, ಅವನು ಹೋದ್ನಾ? ಮೂಕಾಟ ಮುಗೀತಾ?"

"ಯಾವನು?"

"ಗುಂಡಿಯಪ್ಪ. ಅವನು ಬಂದಾಗ ತಾನೇ ಮೂಕಾಟ."

ಕೈಯಲ್ಲಿದ್ದ ಚೊಂಬು ಬಿತ್ತು. ನೀರು ನೆಲದ ಮೇಲೆ ಹರಿದು ಮಕ್ಕಳ ಬೆನ್ನಡಿಗೆ ಹೋಯಿತು. ಆದರೂ ಒಂದು ಮಗುವೂ ಕಣ್ಣು ಬಿಡಲಿಲ್ಲ.

*

ಒಂದೇ ಒಂದು ಸಲ ದೊಡ್ಡಮ್ಮ ಬಾಯಿ ಬಿಟ್ಟಿದ್ದಳು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಹೊದಿಕೆಗಳನ್ನು ಮಡಚುತ್ತಿದ್ದರು, ಆ ತುದಿ ಅವಳು, ಈ ತುದಿ ಚಿಕ್ಕಮ್ಮ.

"ನಾನು ಬಂದ ಮೊದಲನೇ ವರ್ಷ ಒಂದು ಮಗೂನ ಕೊಟ್ಟುಬಿಟ್ಟೆ," ಎಂದಿದ್ದಳು. "ಬಂದೋನಿಗೆ ತಾಯಿ ಹೆಸರು ಗೊತ್ತು, ಯಾವ ಯಂತ್ರ ಅಂತ ಗೊತ್ತು, ಮಗು ಯಾವ ಹಾಡಿಗೆ ಮಲಗುತ್ತೆ ಅಂತಾನೂ ಗೊತ್ತು. ಮನೆಯವನೇ. ಎಷ್ಟು ಚೆನ್ನಾಗಿ ಮಾತಾಡಿದ ಗೊತ್ತಾ. ಕೊಟ್ಟೆ. ನಾಲ್ಕನೇ ದಿನ ಮಗು ಸಿಕ್ಕಿತು."

"ಸಿಕ್ಕಿತಲ್ಲ, ಪುಣ್ಯ," ಎಂದಿದ್ದಳು ಚಿಕ್ಕಮ್ಮ.

"ಏನು ಸಿಕ್ಕಿತು? ಆಮೇಲೆ ಒಂದು ವರ್ಷ ನನ್ನ ಹತ್ರಾನೇ ಇತ್ತು. ಒಂದು ಮಾತಿಲ್ಲ. ನಾನು ಕೈ ಚಾಚಿದ್ರೆ ಸಾಕು, ಗೋಡೆಗೆ ಹೋಗಿ ಅಂಟ್ಕೊಳ್ತಿತ್ತು. ಕೊಟ್ಟೋಳು ನಾನಲ್ವಾ."

ಅಷ್ಟು ಹೇಳಿ ಹೊದಿಕೆಯನ್ನು ಮಡಚಿ ಒಟ್ಟಿದ್ದಳು. ಆ ಮಗುವಿನ ಪ್ರಕರಣ ಆದಾಗಿನಿಂದ ಯಾವ ತಾಯಿ ಯಾರ ಬಗ್ಗೆ ಏನು ಹೇಳಿದರೂ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಳು. ಮನೆ ಮಾನ ಬೀದಿಗೆ ಬರಬಾರದೆಂದು ತಾಯಂದಿರು ಆಣೆ ಹಾಕಿಸಿಕೊಳ್ಳುತ್ತಿದ್ದರು. ದೊಡ್ಡಮ್ಮ ಆಣೆ ಮುರಿಯುವ ಹೆಂಗಸಲ್ಲ. ಅದು ಅವಳ ದೊಡ್ಡ ಗುಣ ಎಂದು ಎಲ್ಲರೂ ಹೊಗಳುತ್ತಿದ್ದರು. ಅವಳು ಮಾಡಿದ ದೊಡ್ಡ ತಪ್ಪೂ ಅದೇ.

*

"ಅಜ್ಜಿ, ಈ ಕೋಣೆ ಬಾಗಿಲಲ್ಲಿ ಕೂತ್ಕೊಳ್ಳಿ. ಎಂಟು ಮಕ್ಕಳಿವೆ. ದೇವರೇ ಬಂದು ಕೇಳಿದ್ರೂ ಕೊಡ್ಬೇಡಿ."

ಪಕ್ಕದ ಮನೆಯ ಅಜ್ಜಿ ಏನು, ಯಾಕೆ ಎನ್ನುವುದರೊಳಗೆ ಚಿಕ್ಕಮ್ಮ ಬೀದಿಯಲ್ಲಿದ್ದಳು. ಬರಿಗಾಲು. ಹಿಂದಿನಿಂದ ದೊಡ್ಡಮ್ಮನ ಮಗ, "ಎಲ್ಲಿಗಮ್ಮ, ಎತ್ತುತ್ತಾ ಇದ್ದೀವಿ!" ಎಂದು ಕೂಗಿದ. ಓಡುತ್ತ ಓಡುತ್ತ ಅವಳಿಗೆ ಅಳು ಬಂತು, ಭಯಕ್ಕಿಂತ ಹೆಚ್ಚು ಸಿಟ್ಟು ಬಂತು. ಮುದುಕಿ ಒಂದು ಮಾತು ಹೇಳಬಾರದಿತ್ತೇ? ಎಂಟು ತಿಂಗಳು ಪಕ್ಕದಲ್ಲೇ ಕೂತು ಸಕ್ಕರೆ ಹಂಚಿದೆನಲ್ಲ, ಇಂಥವನು ಬಂದರೆ ಕೊಡಬೇಡ ಎನ್ನಬಾರದಿತ್ತೇ? ಚಪ್ಪಲಿ ಜೋಡಿಸಿಡುವಾಗಲೇ ತನಗಾದರೂ ಹೊಳೆಯಬಾರದಿತ್ತೇ? ಅತಿ ವಿನಯ ಧೂರ್ತ ಲಕ್ಷಣ ಎಂದು ಚಿಕ್ಕಂದಿನಿಂದ ಕೇಳಿದ್ದು ಯಾವ ಕೆಲಸಕ್ಕೆ ಬಂತು? ಆ ಮೊಣಕೈ ಹುಟ್ಟಿನಿಂದ ಬಂದದ್ದಲ್ಲ ಎಂದು ಅವಳಿಗೆ ಯಾರೂ ಹೇಳದೆ ಈಗ ತಿಳಿಯಿತು.

ಅವನು ಕಾರ್ಖಾನೆ ಗೇಟಿನಾಚೆಯ ಬಸ್ ನಿಲ್ದಾಣದಲ್ಲಿ ನಿಂತಿದ್ದ. ಗುಂಡಿ ಹೆಗಲ ಮೇಲೆ ಹಾಗೆಯೇ ಜೋತುಬಿದ್ದಿತ್ತು, ಕಣ್ಣು ಮುಚ್ಚಿತ್ತು. ರೆಪ್ಪೆ ಮಾತ್ರ ಅದುರುತ್ತಿತ್ತು. ಮಗು ಇನ್ನೂ ಆಟದಲ್ಲೇ ಇತ್ತು.

"ಮಗು ಕೊಡಿ," ಎಂದಳು ಏದುಸಿರು ಬಿಡುತ್ತ.

"ಯಾಕಮ್ಮ?"

"ತಪ್ಪಿ ಕೊಟ್ಟುಬಿಟ್ಟೆ."

ಅವನು ನಕ್ಕ. "ತಪ್ಪಿ ಕೊಡೋಕೆ ಇದೇನು ಕೊಡೆನಾ?" ನಿಲ್ದಾಣದಲ್ಲಿದ್ದ ನಾಲ್ಕು ಜನರೂ ನಕ್ಕರು. ಗಂಡಸರು ನಕ್ಕರೂ, ದನಿಯೇರಿಸಿದರೂ ಮಾತು ಮರೆಯುವ ಹುಡುಗಿ ಅವಳು. ಮಾತು ಬಾರದ್ದಕ್ಕೆ ಮಗುವಿನ ಬಲ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬಸ್ಸು ಬಂತು. ಅವನು ಮೆಟ್ಟಿಲು ಹತ್ತಿದ, ಅವಳೂ ಕೈ ಬಿಡದೆ ಹತ್ತಿದಳು. ಅವನು ಬಗ್ಗಿ, ನಗು ಮಾಸದ ಮುಖದಲ್ಲೇ, ಅವಳಿಗೆ ಮಾತ್ರ ಕೇಳುವಂತೆ ಹೇಳಿದ.

"ಕೈ ಬಿಡು. ಸಂಜೆ ನೀನು ಯಾವ ಓಣಿಯಲ್ಲಿ ಒಬ್ಬಳೇ ಮನೆಗೆ ಹೋಗ್ತೀಯ ಅಂತ ನಂಗೊತ್ತು. ನಿಂಗೊಬ್ಬ ತಂಗೀನೂ ಇದ್ದಾಳೆ."

ಬಿಟ್ಟುಬಿಡೋಣ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಬೆರಳುಗಳೇ ಕೇಳಲಿಲ್ಲ.

"ಹತ್ತೋರು ಹತ್ತಿ, ಇಳಿಯೋರು ಇಳೀರಿ," ಕಂಡಕ್ಟರ್ ರೇಗಿದ. "ಗಂಡ ಹೆಂಡತಿ ಜಗಳ ಮನೇಲಿಟ್ಕೊಳ್ಳಿ."

"ನಾನು ಹೆಂಡತಿ ಅಲ್ಲ," ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಬಸ್ಸು ಹೊರಟಿತು. ಇಪ್ಪತ್ತು ಗಜ ಹೋಗಿರಲಿಲ್ಲ, ನಿಂತಿತು.

ಎದುರಿಗೆ ರಸ್ತೆ ತುಂಬ ಜನ. ದೊಡ್ಡಮ್ಮನ ಮಂಚವನ್ನು ಹೆಗಲ ಮೇಲೆ ಹೊತ್ತವರು ಅಡ್ಡರಸ್ತೆಯಿಂದ ತಿರುಗಿ ಕಾರ್ಖಾನೆಯ ಗೇಟಿನ ಮುಂದೆ ಬಂದಿದ್ದರು. ಅದೇ ಹೊತ್ತಿಗೆ ಊಟದ ಗಂಟೆ ಹೊಡೆದು ಗೇಟಿನಿಂದ ಹೆಂಗಸರು ಪ್ರವಾಹದಂತೆ ಹೊರಗೆ ಬಂದರು. ಡ್ರೈವರ್ ಸತ್ತವರ ಮರ್ಯಾದೆಗೆ ಹಾರ್ನ್ ಹೊಡೆಯದೆ ಎಂಜಿನ್ ಆರಿಸಿದ.

ಆ ನಿಶ್ಶಬ್ದದಲ್ಲಿ ಚಿಕ್ಕಮ್ಮ ಬಾಯಿ ತೆರೆದಳು. ಮೊದಲ ಸಲ ಬರಿ ಗಾಳಿ ಬಂತು. ಎರಡನೆಯ ಸಲ, "ಗುಂಡಿಯಕ್ಕಾ!" ಎಂದು ಕಿರುಚಿದಳು. ತನ್ನ ಗಂಟಲಲ್ಲಿ ಅಂಥದೊಂದು ದನಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಗುಂಡಿಯಕ್ಕ ಬಂದಳು. ಅವಳ ಹಿಂದೆ ಉಳಿದವರು ಬಂದರು, ಹೆಗಲ ಮೇಲೆ ದಾರದ ತುಂಡುಗಳು ಅಂಟಿದ್ದ ನಲವತ್ತು ಐವತ್ತು ಹೆಂಗಸರು. ಬಸ್ಸಿನ ಬಾಗಿಲ ಸುತ್ತ ಜಾಗವಿಲ್ಲದಂತಾಯಿತು. ಯಾರೂ ಕೈ ಎತ್ತಲಿಲ್ಲ, ಸುಮ್ಮನೆ ನಿಂತರು. ಗುಂಪಿನ ಹಿಂದಿನಿಂದ ಹಾಜರಿ ಗುಮಾಸ್ತ, "ಪುಸ್ತಕದಲ್ಲಿ ಅವರ ಹೆಸರಿದೆಯಲ್ಲ," ಎಂದ.

"ಆ ಹೆಸರು ಬರೆಸಿದ್ದು ಇವಳ ಕೈ ಮುರಿಯೋಕೆ ಮುಂಚೆ," ಗುಂಡಿಯಕ್ಕ ತಿರುಗಿ ನೋಡದೆ ಹೇಳಿದಳು. "ಅವನ ಕೈಗೆ ಕೊಡಬೇಡಿ ಅಂತ ಆಮೇಲೆ ದೊಡ್ಡಮ್ಮಂಗೆ ಮಾತ್ರ ಹೇಳಿದ್ದೆ."

ಅವನು ಸುತ್ತ ನೋಡಿದ. ಮಗುವನ್ನು ಮೆಟ್ಟಿಲ ಮೇಲೆ ಇಳಿಸಿ, ಅಂಗಿ ಸರಿಪಡಿಸಿಕೊಂಡ. "ಸಾವಿನ ದಿನ ಅಂತ ಸುಮ್ನಿದ್ದೀನಿ," ಎಂದು ಒಳಗೆ ಹೋಗಿ ಕಿಟಕಿಯ ಪಕ್ಕ ಕೂತ. ಹೆದರಿದವನಂತೆ ಕಾಣಲಿಲ್ಲ. ಹೆದರಿದವಳು ಚಿಕ್ಕಮ್ಮ. ಗುಂಡಿ ತಾಯಿಯ ಸೊಂಟದಲ್ಲಿದ್ದರೂ ಅದರ ಮಣಿಕಟ್ಟು ಇನ್ನೂ ಅವಳ ಕೈಯಲ್ಲೇ ಇತ್ತು. ಗುಂಡಿಯಕ್ಕ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಅವನು ಮತ್ತೆ ಬರ್ತಾನೆ," ಎಂದಳು ಗುಂಡಿಯಕ್ಕ.

"ಗೊತ್ತು," ಎಂದಳು ಚಿಕ್ಕಮ್ಮ.

ಆಗ ಕಾಲರಕ್ಕ ಗುಂಪಿನಿಂದ ಸರಿದು ಹತ್ತಿರ ಬಂದಳು. ಅತ್ತಿತ್ತ ನೋಡಿ, ಚಿಕ್ಕಮ್ಮನ ಹೆಗಲು ಹಿಡಿದು, ಕಿವಿಯ ಬಳಿ ಬಾಯಿ ತಂದಳು. "ನಂದೂ ಒಂದಿದೆ. ದೊಡ್ಡಮ್ಮಂಗೆ ಮಾತ್ರ ಗೊತ್ತಿತ್ತು. ಆಣೆ ಹಾಕು, ಹೇಳ್ತೀನಿ." ಅವಳ ಹಿಂದೆ ಜೇಬಕ್ಕ ನಿಂತಿದ್ದಳು. ಜೇಬಕ್ಕನ ಹಿಂದೆ ಇನ್ನಿಬ್ಬರು.

ಚಿಕ್ಕಮ್ಮ ಆ ಸಾಲನ್ನು ನೋಡಿದಳು. ಒಬ್ಬಳೇ, ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ಆ ಓಣಿಯಲ್ಲಿ ದಿನಾ ಸಂಜೆ ಮನೆಗೆ ನಡೆಯಬೇಕೇ? ಅವಳು ಕಿವಿಯನ್ನು ಹಿಂದಕ್ಕೆಳೆದುಕೊಂಡಳು.

"ಕಿವೀಲಿ ಬೇಡ ಅಕ್ಕ," ಎಂದಳು, ಅಳುತ್ತ. "ದೊಡ್ಡಮ್ಮ ಎಲ್ಲ ಕಟ್ಕೊಂಡು ಹೊರಟುಬಿಟ್ರು, ನೋಡಿ ಏನಾಯ್ತು. ನನ್ನ ಕೈಲಾಗಲ್ಲ. ನಂಗೆ ಭಯ ಆಗುತ್ತೆ. ನಾಳೆ ನಾನಿಲ್ದೇ ಇದ್ರೆ? ಎಲ್ರಿಗೂ ಕೇಳೋ ಹಾಗೆ ಹೇಳಿ. ಎಲ್ರೂ ಕಾಯ್ತೀವಿ."

ಕಾಲರಕ್ಕ ಅವಳ ಹೆಗಲಿನಿಂದ ಕೈ ತೆಗೆದಳು. ಬಸ್ಸಿನ ಕಿಟಕಿಗಳಲ್ಲಿ ಜನ ಇಣುಕುತ್ತಿದ್ದರು. ಮಂಚ ಹೊತ್ತವರು ನಿಂತಲ್ಲೇ ಕಾಲು ಬದಲಿಸಿದರು. ಅವಳು ಗುಂಡಿಯಕ್ಕನನ್ನು ನೋಡಿದಳು, ಮಗುವಿನ ಸೊಟ್ಟ ಮೊಣಕೈ ನೋಡಿದಳು. ಆಮೇಲೆ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ, ಯಾರ ಮುಖವನ್ನೂ ನೋಡದೆ ಹೇಳಿದಳು.

"ನನ್ನ ಮಗಳನ್ನ ನನ್ನ ತಮ್ಮನ ಕೈಗೆ ಕೊಡಬೇಡಿ."

ಮಂಚದ ಮುಂದಿನ ಎಡಗಾಲನ್ನು ಹೊತ್ತಿದ್ದವನ ಹೆಗಲು ಕುಸಿಯಿತು. ಗುಮಾಸ್ತನ ಜೊತೆ ಕಾರ್ಖಾನೆಯಿಂದ ಬಂದಿದ್ದ ಮೂಟೆ ಹೊರುವವನು, ಕಾಲರಕ್ಕನ ತಮ್ಮ. ಮಂಚ ಒಂದು ಮೂಲೆಗೆ ವಾಲಿ, ದೊಡ್ಡಮ್ಮನ ತಲೆ ಆ ಕಡೆಗೆ ಹೊರಳಿತು. ಹೋ ಹೋ ಎಂದು ಜನ ಕೂಗುವಷ್ಟರಲ್ಲಿ ಕಾಲರಕ್ಕ ಗುಂಪನ್ನು ಸೀಳಿಕೊಂಡು ಹೋದಳು. ಅವನನ್ನು ಮೊಣಕೈಯಿಂದ ಬದಿಗೆ ತಳ್ಳಿ, ಆ ಮೂಲೆಯ ಕೆಳಗೆ ತನ್ನ ಹೆಗಲು ಕೊಟ್ಟು, ಮಂಚವನ್ನು ಮೇಲಕ್ಕೆತ್ತಿದಳು.